ಮೋಸ ಹೋದವರನ್ನು ಬೈದರೆ ಗೆಲ್ಲುವವನು ಮೋಸಗಾರ

ದುಡ್ಡು ಕಳೆದುಕೊಂಡು ಕಂಗಾಲಾಗಿ ಬಂದವರನ್ನು ನಾವು ಮೊದಲು ಕೇಳುವ ಪ್ರಶ್ನೆ: ‘ಇಷ್ಟು ಓದಿಕೊಂಡು ನೀವು ಹೇಗ್ರೀ ನಂಬಿದ್ರಿ?’ ಮನೆಯಲ್ಲಿ ಮಗ ಕೇಳುತ್ತಾನೆ, ಠಾಣೆಯಲ್ಲಿ ರೈಟರ್ ಕೇಳುತ್ತಾರೆ, ಮದುವೆಮನೆಯಲ್ಲಿ ಪಕ್ಕದ ಎಲೆಗೆ ಕೂತ ನೆಂಟರು ಕೇಳುತ್ತಾರೆ. ಬ್ಯಾಂಕಿನ ಕೌಂಟರಿನಲ್ಲೂ ಈ ಮಾತು ಕೇಳಿಬರುತ್ತದೆ. ಮೂರು ದಶಕಕ್ಕೂ ಹೆಚ್ಚು ಕಾಲ ಬ್ಯಾಂಕಿನಲ್ಲಿ ದುಡಿದು, ತಿಪಟೂರಿನ ಶಾಖೆಯೊಂದರ ಮ್ಯಾನೇಜರ್ ಆಗಿ ನಿವೃತ್ತಳಾದವಳು ನಾನು. ಸೈಬರ್ ಕಳ್ಳರಿಗೆ ಈ ಪ್ರಶ್ನೆಯಷ್ಟು ಉಪಕಾರ ಮಾಡುವ ಇನ್ನೊಂದನ್ನು ನಾನು ಕಂಡಿಲ್ಲ.

ಯಾಕೆಂದರೆ ಖಾತೆಯಿಂದ ಹೊರಟ ದುಡ್ಡು ಕಳ್ಳನ ಕೈ ಸೇರುವ ಮುನ್ನ ನಮಗೆ ಸಿಗುವುದು ಕೆಲವು ಗಂಟೆ, ಎಷ್ಟೋ ಸಲ ಕೆಲವೇ ನಿಮಿಷ. ಮೊದಲ ಖಾತೆಯಿಂದ ಐದಾರು ಖಾತೆಗೆ, ಅಲ್ಲಿಂದ ಇನ್ನಷ್ಟು ಖಾತೆಗೆ ಚೂರುಚೂರಾಗಿ ಹೋಗಿ, ಕೊನೆಗೆ ಎಟಿಎಂನಲ್ಲಿ ನಗದಾಗಿಯೋ ಕ್ರಿಪ್ಟೊ ಆಗಿಯೋ ಕಣ್ಮರೆಯಾಗುತ್ತದೆ. ಆ ಹೊತ್ತಿನಲ್ಲಿ 1930 ಸೈಬರ್ ವಂಚನೆ ಸಹಾಯವಾಣಿಗೆ ಫೋನ್ ಮಾಡಿದರೆ ದಾರಿಯ ಮಧ್ಯೆ ಎಲ್ಲೋ ಒಂದು ಕಡೆ ದುಡ್ಡು ನಿಲ್ಲುವ ಸಾಧ್ಯತೆ ಇದೆ. ಆದರೆ ಮೋಸ ಹೋದವರು ಆ ಹೊತ್ತನ್ನು ‘ಮನೆಯಲ್ಲಿ ಹೇಗೆ ಹೇಳಲಿ’ ಎಂಬ ಸಂಕಟದಲ್ಲಿ ಕಳೆಯುತ್ತಾರೆ. ಎರಡು ದಿನ ಊಟ ಬಿಟ್ಟು, ಮೂರನೆಯ ದಿನ ಹೆಂಡತಿಗೆ ಹೇಳಿ, ವಾರದ ಮೇಲೆ ಬ್ಯಾಂಕಿಗೆ ಬಂದವರನ್ನು ನಾನು ನೋಡಿದ್ದೇನೆ. ಅಷ್ಟರಲ್ಲಿ ಮಾಡಲು ಉಳಿಯುವುದು ಅರ್ಜಿ ಬರೆಸಿಕೊಳ್ಳುವ ಕೆಲಸ ಮಾತ್ರ.

2024ರಲ್ಲಿ ದೇಶದ ಜನ ಸೈಬರ್ ವಂಚಕರ ಪಾಲು ಮಾಡಿದ್ದು 22,845 ಕೋಟಿ ರೂಪಾಯಿ ಎಂದು ಕೇಂದ್ರ ಸರ್ಕಾರವೇ ಸಂಸತ್ತಿಗೆ ತಿಳಿಸಿದೆ. ಅದರ ಹಿಂದಿನ ವರ್ಷದ ಮೂರು ಪಟ್ಟು. ಇದು ದೂರು ಕೊಟ್ಟವರ ಲೆಕ್ಕ. ನಾಚಿಕೆಯಿಂದ ಬಾಯಿ ಮುಚ್ಚಿಕೊಂಡವರದು ಯಾವ ಲೆಡ್ಜರಿಗೂ ಏರಿಲ್ಲ.

ದುರಾಸೆಯೊಂದೇ ಕಾರಣವೆ?

‘ದುರಾಸೆ ಇದ್ದವರು ಮೋಸ ಹೋಗುತ್ತಾರೆ’ ಎಂಬುದು ನಮ್ಮಲ್ಲಿ ಸಿದ್ಧವಾಗಿರುವ ತೀರ್ಪು. ಹಳೆಯ ಕಾಲದ ಕೆಲವು ವಂಚನೆಗಳ ಮಟ್ಟಿಗೆ ಅದರಲ್ಲಿ ಅರ್ಧ ಸತ್ಯವಿರಬಹುದು. 2019ರ ಜೂನ್‌ನಲ್ಲಿ ಬೆಂಗಳೂರಿನ ಐಎಂಎ ಹೂಡಿಕೆ ಸಂಸ್ಥೆ ಬಾಗಿಲು ಹಾಕಿದಾಗ ಸಾವಿರಾರು ಕುಟುಂಬಗಳು ಬೀದಿಗೆ ಬಂದವು. ಅಲ್ಲಿಯೂ ಬಹಳ ಮಂದಿ ಹೆಚ್ಚಿನ ಬಡ್ಡಿಗೆ ಹೋದವರಲ್ಲ. ಧರ್ಮಕ್ಕೆ ಒಪ್ಪುವ ಹೂಡಿಕೆ ಎಂದು ನಂಬಿ, ಮಗಳ ಮದುವೆಗೆಂದು ಕೂಡಿಟ್ಟ ಒಡವೆ ಮಾರಿ ಇಟ್ಟವರು ಇದ್ದರು. ನೆಂಟರು ಇಟ್ಟಿದ್ದಾರೆ, ಬೀದಿಯವರು ಇಟ್ಟಿದ್ದಾರೆ, ತಿಂಗಳು ತಿಂಗಳು ಬರುತ್ತಿದೆ ಎಂಬ ಭರವಸೆಯ ಮೇಲೆ ಇಟ್ಟವರು. ವಿಡಿಯೊ ಕರೆಯಲ್ಲೇ ‘ಬಂಧಿಸಿದ್ದೇವೆ’ ಎಂದು ಹೆದರಿಸುವ ಈಗಿನ ‘ಡಿಜಿಟಲ್ ಅರೆಸ್ಟ್’ನಲ್ಲಂತೂ ಆಸೆಗೆ ಜಾಗವೇ ಇಲ್ಲ. ಅಲ್ಲಿರುವುದು ಭಯ, ಮತ್ತೆ ಸರ್ಕಾರದ ಮೊಹರು ಕಂಡರೆ ಕೈಕಟ್ಟಿ ನಿಲ್ಲುವ ನಮ್ಮ ಅಭ್ಯಾಸ.

ಕೊಬ್ಬರಿ ಹರಾಜಿನ ದಿನ ನಮ್ಮೂರ ಬ್ಯಾಂಕಿನಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಅಂಥ ಒಂದು ದಿನ, ನಿವೃತ್ತ ಮುಖ್ಯೋಪಾಧ್ಯಾಯರೊಬ್ಬರು ಎಫ್‌ಡಿ ಬಾಂಡು ಹಿಡಿದು ನನ್ನ ಕ್ಯಾಬಿನ್ನಿಗೆ ಬಂದರು. ಪಿಂಚಣಿ ನಮ್ಮಲ್ಲೇ ಬರುತ್ತಿದ್ದುದರಿಂದ ಪರಿಚಯದವರು. ಎಂದೂ ಗಡಿಬಿಡಿ ಮಾಡಿದವರಲ್ಲ.

‘ಅವಧಿ ಮುಗಿಯೋಕೆ ಮೂರೇ ತಿಂಗಳಿದೆಯಲ್ಲ ಮೇಷ್ಟ್ರೇ, ಈಗ್ಯಾಕೆ ಮುರಿಸ್ತೀರಿ? ಬಡ್ಡಿ ಹೋಗುತ್ತೆ.’

‘ಮಗಳಿಗೆ ಸೈಟು ತಗೋತಿದೀನಿ ಕಣಮ್ಮಾ. ಇವತ್ತೇ ಕಟ್ಬೇಕು.’

‘ಒಳ್ಳೇದಾಯ್ತು. ಎಲ್ಲಿ ಸೈಟು?’

‘ಇಲ್ಲೇ, ಹಾಸನ ರಸ್ತೇಲಿ.’

ಆರ್‌ಟಿಜಿಎಸ್ ಫಾರಂ ನೋಡಿದೆ. ಸೈಟು ಹಾಸನ ರಸ್ತೆಯಲ್ಲಿ. ದುಡ್ಡು ಹೋಗಬೇಕಾದದ್ದು ಈಶಾನ್ಯದ ಯಾವುದೋ ಊರಿನ ಶಾಖೆಯಲ್ಲಿದ್ದ ‘ಎಂಟರ್‌ಪ್ರೈಸಸ್’ ಒಂದರ ಖಾತೆಗೆ. ಮೇಷ್ಟ್ರ ಮುಖ ನೋಡಿದೆ. ಅವರು ನನ್ನನ್ನು ನೋಡದೆ ತಮ್ಮ ಅಂಗಿಯ ಜೇಬನ್ನೇ ನೋಡುತ್ತಿದ್ದರು. ಜೇಬಿನ ಅಂಚಿನಿಂದ ಮೊಬೈಲಿನ ಕ್ಯಾಮೆರಾ ಹೊರಗೆ ಇಣುಕುತ್ತಿತ್ತು. ಚಲನ್‌ನ ಹಿಂಬದಿಯಲ್ಲಿ ಬರೆದೆ: ‘ಫೋನಿನಲ್ಲಿ ಯಾರಾದರೂ ಇದ್ದಾರಾ? ಮಾತಾಡಬೇಡಿ, ತಲೆ ಆಡಿಸಿ.’ ಮಡಚಿ, ಮೇಜಿನ ಅಂಚಿನಲ್ಲಿ ಅವರಿಗಷ್ಟೇ ಕಾಣುವಂತೆ ಸರಿಸಿದೆ. ಓದಿದರು. ಹಣೆಯಲ್ಲಿ ಬೆವರು. ನಿಧಾನವಾಗಿ ತಲೆ ಆಡಿಸಿದರು.

‘ಸರ್ವರ್ ಡೌನ್ ಆಗಿದೆ ಮೇಷ್ಟ್ರೇ, ಊಟ ಆದ್ಮೇಲೆ ಬಂದ್ಬಿಡಿ’ ಎಂದು ಜೋರಾಗಿ ಹೇಳಿದೆ. ಜನರಿಂದ ಜೀವನವಿಡೀ ಬೈಸಿಕೊಂಡ ಆ ಮಾತು ಅಂದು ಉಪಯೋಗಕ್ಕೆ ಬಂತು. ಇನ್ನೊಂದು ಚೀಟಿಯಲ್ಲಿ ಬರೆದಂತೆ ಅವರು ಫೋನನ್ನು ಮೇಜಿನ ಮೇಲೆ ಮಗುಚಿಟ್ಟು ನನ್ನ ಹಿಂದೆ ರೆಕಾರ್ಡ್ ರೂಮಿಗೆ ಬಂದರು. ಅಲ್ಲಿ ಹಳೆಯ ವೋಚರ್ ಕಟ್ಟುಗಳ ಮಧ್ಯೆ ನಿಂತು ಹೇಳಿದರು: ಹಿಂದಿನ ದಿನ ಬೆಳಿಗ್ಗೆ ಮುಂಬೈ ಪೊಲೀಸ್ ಎಂದು ಫೋನ್ ಬಂತು. ಅವರ ಆಧಾರ್‌ನಲ್ಲಿ ತೆಗೆದ ಸಿಮ್‌ನಿಂದ ಹವಾಲಾ ವ್ಯವಹಾರ ನಡೆದಿದೆ ಎಂದರು. ವಿಡಿಯೊದಲ್ಲಿ ಯೂನಿಫಾರಂ, ಹಿಂದೆ ಲಾಂಛನ, ವಾಕಿಟಾಕಿಯ ಸದ್ದು. ಸುಪ್ರೀಂ ಕೋರ್ಟಿನದೆಂದು ಒಂದು ಪತ್ರ, ರಿಸರ್ವ್ ಬ್ಯಾಂಕಿನದೆಂದು ಇನ್ನೊಂದು. ‘ತನಿಖೆ ಮುಗಿಯುವವರೆಗೆ ನಿಮ್ಮ ಹಣ ಸರ್ಕಾರದ ಖಾತೆಯಲ್ಲಿ ಇರಬೇಕು, ನಿರಪರಾಧಿ ಎಂದು ಖಚಿತವಾದರೆ ವಾಪಸ್ ಬರುತ್ತದೆ. ಮನೆಯವರಿಗೆ ಹೇಳಿದರೆ ಅವರನ್ನೂ ಆರೋಪಿ ಮಾಡುತ್ತೇವೆ.’ ರಾತ್ರಿಯಿಡೀ ಕ್ಯಾಮೆರಾ ಮುಂದೆಯೇ ಮಲಗಿದ್ದರಂತೆ. ಒಂದು ಕಂತು ಆಗಲೇ ಮೊಬೈಲಿನಿಂದ ಹೋಗಿತ್ತು. ಸೈಟಿನ ಕಥೆಯನ್ನೂ ಫೋನಿನಲ್ಲಿದ್ದವರೇ ಹೇಳಿಕೊಟ್ಟಿದ್ದರು.

ನನ್ನ ಫೋನಿನಿಂದಲೇ 1930ಕ್ಕೆ ಮಾಡಿಸಿದೆ. ಹೋದ ಕಂತಿನಲ್ಲಿ ಒಂದು ಭಾಗ ಮುಂದಿನ ಖಾತೆಯೊಂದರಲ್ಲಿ ತಡೆಯಾಯಿತು, ಉಳಿದದ್ದು ಹೋಯಿತು. ಎಫ್‌ಡಿ ಉಳಿಯಿತು. ಎಲ್ಲ ಮುಗಿದ ಮೇಲೆ ಮೇಷ್ಟ್ರು ಕೈಮುಗಿದು ಕೇಳಿದ್ದು ಒಂದೇ: ‘ಮಗನಿಗೆ ಮಾತ್ರ ಹೇಳಬೇಡಿ ಕಣಮ್ಮಾ.’

ಈ ಮನುಷ್ಯನಲ್ಲಿ ದುರಾಸೆ ಎಲ್ಲಿತ್ತು? ಶಿಕ್ಷಣ ಇಲಾಖೆಯ ಸುತ್ತೋಲೆ ಬಂದರೆ ಅಂದೇ ಉತ್ತರ ಬರೆದು, ಮೊಹರಿಗೆ ಮರ್ಯಾದೆ ಕೊಟ್ಟು, ಮಕ್ಕಳಿಗೂ ಅದನ್ನೇ ಕಲಿಸಿ ಬದುಕಿದವರು. ಕಳ್ಳ ಕದ್ದದ್ದು ಆ ಒಳ್ಳೆಯ ಗುಣವನ್ನೇ. ಮನೆಯಲ್ಲಿ ಮಗನ ಕೋಪಕ್ಕೆ ಅವರು ಹೆದರುತ್ತಿದ್ದುದು ಆ ಕಳ್ಳನಿಗೆ ಪುಕ್ಕಟೆಯಾಗಿ ಸಿಕ್ಕ ನೆರವು. ‘ಮನೆಯವರಿಗೆ ಹೇಳಬೇಡಿ’ ಎಂಬ ಅವನ ಮಾತು ಅಷ್ಟು ಸುಲಭವಾಗಿ ನಡೆದದ್ದು ಅದಕ್ಕೇ.

ಬಂಧನ ಹೇಗಿರುತ್ತದೆ ಎಂದು ತಿಳಿದಿರಲಿ

ವಿಡಿಯೊ ಕರೆಯಲ್ಲಿ ಬಂಧಿಸುವ ಪದ್ಧತಿ ನಮ್ಮ ಕಾನೂನಿನಲ್ಲಿ ಇಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಪ್ರಕಾರ, ಬಂಧಿಸುವ ಅಧಿಕಾರಿ ವ್ಯಕ್ತಿಯ ಮೈ ಮುಟ್ಟಿ ಇಲ್ಲವೇ ಹಿಡಿದಿಟ್ಟು ಬಂಧಿಸಬೇಕು. ವ್ಯಕ್ತಿ ತಾನಾಗಿ ಶರಣಾದರೆ ಮಾತ್ರ ಅದು ಬೇಡ. ಅಧಿಕಾರಿಯ ಹೆಸರು ಸ್ಪಷ್ಟವಾಗಿ ಕಾಣುವಂತಿರಬೇಕು. ಬಂಧನದ ಮೆಮೊ ಬರೆಯಬೇಕು, ಅದಕ್ಕೆ ಮನೆಯವರೊಬ್ಬರು ಅಥವಾ ಊರಿನ ಗೌರವಸ್ಥರೊಬ್ಬರು ಸಾಕ್ಷಿ ಹಾಕಬೇಕು. ಅಂದರೆ ನಿಜವಾದ ಬಂಧನ ಮನೆಯವರಿಗೆ ಗೊತ್ತಾಗಲೇಬೇಕು; ‘ಯಾರಿಗೂ ಹೇಳಬೇಡಿ’ ಎಂದ ಕ್ಷಣವೇ ಅದು ಸುಳ್ಳು. ವಿಚಾರಣೆಗೆ ಹಾಜರಾಗುವಂತೆ ಪೊಲೀಸರು ಕೊಡುವ ನೋಟಿಸನ್ನು ವಾಟ್ಸ್‌ಆ್ಯಪ್‌ನಲ್ಲಿ ಕಳಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2025ರ ಜನವರಿಯಲ್ಲಿ ಸ್ಪಷ್ಟಪಡಿಸಿದೆ. ‘ಪರಿಶೀಲನೆಗೆ’ ಎಂದು ನಿಮ್ಮ ಹಣವನ್ನು ತನ್ನ ಖಾತೆಗೆ ಹಾಕಿಸಿಕೊಳ್ಳುವ ಕೋರ್ಟು, ಪೊಲೀಸ್ ಠಾಣೆ, ರಿಸರ್ವ್ ಬ್ಯಾಂಕು ಈ ದೇಶದಲ್ಲಿಲ್ಲ.

2024ರ ಅಕ್ಟೋಬರ್ 27ರ ‘ಮನ್ ಕಿ ಬಾತ್’ನಲ್ಲಿ ಪ್ರಧಾನಿ ಈ ವಂಚನೆಯ ಬಗ್ಗೆ ಮಾತನಾಡಿ ಒಂದು ಕರೆಯ ಧ್ವನಿಮುದ್ರಣ ಕೇಳಿಸಿದರು. ಅದು ನಮ್ಮ ವಿಜಯಪುರದವರೊಬ್ಬರಿಗೆ ಬಂದಿದ್ದ ಕರೆ. ಅದಾದ ಕೆಲವೇ ತಿಂಗಳಲ್ಲಿ, 2025ರ ಮಾರ್ಚ್‌ನಲ್ಲಿ, ಇದೇ ಕಿರುಕುಳಕ್ಕೆ ಸಿಕ್ಕಿ ಐವತ್ತು ಲಕ್ಷಕ್ಕೂ ಹೆಚ್ಚು ಕಳೆದುಕೊಂಡ ಬೆಳಗಾವಿ ಜಿಲ್ಲೆಯ ವೃದ್ಧ ದಂಪತಿ ಪ್ರಾಣವನ್ನೇ ಕಳೆದುಕೊಂಡರು. ಪ್ರಧಾನಿಯ ಮಾತು, ಪೊಲೀಸರ ಪೋಸ್ಟರು, ಆಗ ಫೋನ್ ಮಾಡಿದಾಗಲೆಲ್ಲ ಕೇಳಿಬರುತ್ತಿದ್ದ ಎಚ್ಚರಿಕೆಯ ಧ್ವನಿ, ಇದಿಷ್ಟೂ ಇದ್ದು ಹೀಗಾಯಿತು. ಮಾಹಿತಿ ಇದ್ದರೆ ಸಾಲದು. ಕರೆ ಬಂದಾಗ ಪಕ್ಕದಲ್ಲಿ ಒಬ್ಬ ಮನುಷ್ಯ ಬೇಕು, ಅವನಿಗೆ ಹೇಳಲು ಹೆದರಿಕೆ ಇರಬಾರದು.

ಕೌಂಟರಿನಿಂದ ಕಂಡ ಗುರುತುಗಳು

ವಂಚನೆಯ ಕಥೆ ತಿಂಗಳಿಗೊಂದು ಬದಲಾಗುತ್ತದೆ. ಹಿಂದೆ ‘ಇವತ್ತು ರಾತ್ರಿ 9.30ಕ್ಕೆ ಕರೆಂಟ್ ಕಟ್ ಆಗುತ್ತದೆ’ ಎಂಬ ಮೆಸೇಜು, ಈಗ ‘ಟ್ರಾಫಿಕ್ ದಂಡ ಬಾಕಿ ಇದೆ’ ಎನ್ನುವುದು. ಆದ್ದರಿಂದ ಕಥೆ ನೆನಪಿಟ್ಟುಕೊಳ್ಳುವುದಕ್ಕಿಂತ ದುಡ್ಡು ಹೋಗುವ ದಾರಿಯನ್ನು ನೋಡುವುದು ಲೇಸು. ದಾರಿ ಅಷ್ಟಾಗಿ ಬದಲಾಗುವುದಿಲ್ಲ.

ಷೇರಿನ ಹೆಸರಿನ ವಂಚನೆಯನ್ನೇ ನೋಡಿ. ವಾಟ್ಸ್‌ಆ್ಯಪ್ ಇಲ್ಲವೇ ಟೆಲಿಗ್ರಾಂ ಗುಂಪಿಗೆ ನಿಮ್ಮನ್ನು ಸೇರಿಸುತ್ತಾರೆ. ಅಲ್ಲಿ ನೂರಾರು ಜನ ದಿನವೂ ತಮ್ಮ ಲಾಭದ ಚಿತ್ರ ಹಾಕುತ್ತಿರುತ್ತಾರೆ. ಬಹುಪಾಲು ಅವರೆಲ್ಲ ಕಳ್ಳನ ಕಡೆಯವರೇ. ಆ್ಯಪ್‌ನಲ್ಲಿ ನಿಮ್ಮ ಒಂದು ಲಕ್ಷ ಮೂರು ಲಕ್ಷವಾಗಿ ಕಾಣುತ್ತದೆ. ನಂಬಿಕೆ ಬರಲೆಂದು ಮೊದಲ ಸಲ ಸ್ವಲ್ಪ ಹಣ ವಾಪಸೂ ಕೊಡುತ್ತಾರೆ. ದೊಡ್ಡ ಮೊತ್ತ ಹಾಕಿ ತೆಗೆಯಲು ಹೋದಾಗ ‘ಮೊದಲು ತೆರಿಗೆ ಕಟ್ಟಿ’ ಎಂದು ಶುರುವಾಗುತ್ತದೆ. ಬ್ಯಾಂಕಿನವರ ಕಣ್ಣಿಗೆ ಇದು ಸ್ಟೇಟ್‌ಮೆಂಟ್ ನೋಡಿದ ಕೂಡಲೇ ತಿಳಿಯುತ್ತದೆ: ಒಂದೇ ಕಂಪನಿಯಲ್ಲಿ ಹೂಡಿದೆನೆನ್ನುವವರ ದುಡ್ಡು ಸೋಮವಾರ ಒಂದು ಬಟ್ಟೆ ಅಂಗಡಿಯ ಖಾತೆಗೆ, ಬುಧವಾರ ಇನ್ಯಾರದೋ ಉಳಿತಾಯ ಖಾತೆಗೆ, ಶುಕ್ರವಾರ ಮತ್ತೊಂದು ಊರಿನ ಸಾರಿಗೆ ಸಂಸ್ಥೆಗೆ ಹೋಗಿರುತ್ತದೆ. ನೋಂದಾಯಿತ ಬ್ರೋಕರ್ ಹೀಗೆ ಹಣ ಪಡೆಯುವುದಿಲ್ಲ. 2025ರ ಅಕ್ಟೋಬರ್‌ನಿಂದ ಷೇರುಪೇಟೆ ನಿಯಂತ್ರಕ ಸೆಬಿಯಲ್ಲಿ ನೋಂದಾಯಿಸಿದ ಸಂಸ್ಥೆಗಳಿಗೆ ‘@ವ್ಯಾಲಿಡ್’ ಎಂಬ ಪ್ರತ್ಯೇಕ ಯುಪಿಐ ವಿಳಾಸ ಬಂದಿದೆ, ಅಸಲಿಯೇ ಎಂದು ನೋಡಲು ‘ಸೆಬಿ ಚೆಕ್’ ಎಂಬ ಸೌಲಭ್ಯವೂ ಇದೆ.

ಊರಿನ ಚೀಟಿಯೂ ಇಂಥ ಪರಿಶೀಲನೆಗೆ ಹೊರತಲ್ಲ. ಚೀಟಿ ನಡೆಸಲು 1982ರ ಚಿಟ್ ಫಂಡ್ ಕಾಯ್ದೆಯಡಿ ಅನುಮತಿ ಬೇಕು. ‘ನಮ್ಮ ಬೀದಿಯ ಅಕ್ಕ, ಹತ್ತು ವರ್ಷದಿಂದ ನಡೆಸ್ತಿದಾಳೆ’ ಎಂಬುದು ಅನುಮತಿಯಲ್ಲ. ಆ ಅಕ್ಕ ಒಳ್ಳೆಯವಳೇ ಇರಬಹುದು. ಚೀಟಿ ಎತ್ತಿದ ನಾಲ್ಕು ಜನ ಕಂತು ನಿಲ್ಲಿಸಿದರೆ ಅವಳು ಕೂಡ ರಾತ್ರೋರಾತ್ರಿ ಊರು ಬಿಡಬೇಕಾಗುತ್ತದೆ.

ಯುಪಿಐನಲ್ಲಿ ಒಂದು ಸೂತ್ರ ಸಾಕು: ದುಡ್ಡು ಬರುವುದಕ್ಕೆ ಪಿನ್ ಒತ್ತಬೇಕಿಲ್ಲ. ಹಳೆಯ ಮಂಚವನ್ನೋ ಸ್ಕೂಟರನ್ನೋ ಮಾರಲು ಆ್ಯಪ್‌ನಲ್ಲಿ ಹಾಕಿದರೆ ‘ನಾನು ಸೈನ್ಯದಲ್ಲಿದ್ದೇನೆ, ಅಡ್ವಾನ್ಸ್ ಕಳಿಸ್ತೀನಿ, ಈ ಕೋಡ್ ಸ್ಕ್ಯಾನ್ ಮಾಡಿ’ ಎನ್ನುವವನು ಬರುತ್ತಾನೆ. ಸ್ಕ್ಯಾನ್ ಮಾಡಿ ಪಿನ್ ಒತ್ತಿದರೆ ಹೋಗುವುದು ನಿಮ್ಮ ಹಣ. ವ್ಯಕ್ತಿಯಿಂದ ವ್ಯಕ್ತಿಗೆ ಹಣ ಕೇಳುವ ‘ಕಲೆಕ್ಟ್ ರಿಕ್ವೆಸ್ಟ್’ ಸೌಲಭ್ಯವನ್ನು ಯುಪಿಐ ನಡೆಸುವ ಎನ್‌ಪಿಸಿಐ 2025ರ ಅಕ್ಟೋಬರ್ 1ರಿಂದ ನಿಲ್ಲಿಸಿದೆ. ಅದರಿಂದ ಒಂದು ಕಿಂಡಿ ಮುಚ್ಚಿತು, ಕ್ಯೂಆರ್ ಕೋಡಿನ ಆಟ ಉಳಿದಿದೆ.

ಮದುವೆಯ ಕಾಲದಲ್ಲಿ ಪರಿಚಿತರ ನಂಬರಿನಿಂದಲೇ ‘ಆಮಂತ್ರಣ’ ಬರುತ್ತದೆ. ಫೈಲಿನ ಹೆಸರಿನ ಕೊನೆಯಲ್ಲಿ ‘ಎಪಿಕೆ’ ಎಂದಿದ್ದರೆ ಅದು ಪತ್ರಿಕೆಯಲ್ಲ, ಆ್ಯಪ್. ಅದು ಫೋನಿನೊಳಗೆ ಕೂತು ನಿಮ್ಮ ಎಸ್‌ಎಂಎಸ್ ಓದಿ ಒಟಿಪಿಯನ್ನು ಕಳ್ಳನಿಗೆ ದಾಟಿಸಬಲ್ಲದು. ‘ನಾನು ಯಾರಿಗೂ ಒಟಿಪಿ ಹೇಳಿಲ್ಲ’ ಎಂದು ಅಳುತ್ತಾ ಬರುವವರಲ್ಲಿ ಇಂಥವರು ಬಹಳ. ಅವರು ಹೇಳುವುದು ನಿಜ. ಮದುವೆ ಪತ್ರಿಕೆ ಚಿತ್ರವಾಗಿಯೋ ಪಿಡಿಎಫ್ ಆಗಿಯೋ ಬರುತ್ತದೆ, ಅದಕ್ಕೆ ಯಾವುದನ್ನೂ ಇನ್‌ಸ್ಟಾಲ್ ಮಾಡಬೇಕಿಲ್ಲ.

ಇನ್ನು ಕೆಲವು ವಂಚನೆಗಳಲ್ಲಿ ಗ್ರಾಹಕರು ಏನನ್ನೂ ಮಾಡಿರುವುದಿಲ್ಲ. 2023ರಲ್ಲಿ ಬೆಂಗಳೂರಿನಲ್ಲಿ ಹಲವರ ಖಾತೆಯಿಂದ ಆಧಾರ್ ಬೆರಳಚ್ಚಿನ ಮೂಲಕ ಹಣ ಹೋಯಿತು. ರಾಜ್ಯದ ಆಸ್ತಿ ನೋಂದಣಿಯ ‘ಕಾವೇರಿ’ ಪೋರ್ಟಲ್‌ನಲ್ಲಿದ್ದ ಪತ್ರಗಳಿಂದ ಕಳ್ಳರು ಬೆರಳಚ್ಚಿನ ನಕಲು ತೆಗೆದಿದ್ದರು. ಮನೆ ನೋಂದಣಿ ಮಾಡಿಸಿದ್ದೇ ತಪ್ಪೇ? ಇಂಥವರನ್ನೂ ‘ಹುಷಾರಾಗಿರಬೇಕಿತ್ತು’ ಎಂದು ಬೈಯುವವರಿದ್ದಾರೆ. ಆಧಾರ್ ಆ್ಯಪ್‌ನಲ್ಲಿ ಬಯೊಮೆಟ್ರಿಕ್ ಲಾಕ್ ಮಾಡುವ ಸೌಲಭ್ಯ ಇದೆ. ಬೆರಳಚ್ಚು ಕೊಟ್ಟು ಹಣ ತೆಗೆಯುವ ಅಭ್ಯಾಸ ಇಲ್ಲದವರು ಇವತ್ತೇ ಮಾಡಿಟ್ಟುಕೊಳ್ಳಬಹುದು.

ಬ್ಯಾಂಕಿನ ಸಹಾಯವಾಣಿ ನಂಬರನ್ನು ಗೂಗಲ್‌ನಲ್ಲಿ ಹುಡುಕಬೇಡಿ. ಎಟಿಎಂ ಕಾರ್ಡಿನ ಹಿಂದೆಯೂ ಪಾಸ್‌ಬುಕ್ಕಿನಲ್ಲೂ ಅಚ್ಚಾಗಿದೆ, ಅದನ್ನೇ ಒತ್ತಿ. ಬ್ಯಾಂಕುಗಳ ಜಾಲತಾಣಗಳು ಈಗ ‘.ಬ್ಯಾಂಕ್.ಇನ್’ ಎಂದು ಕೊನೆಯಾಗಬೇಕೆಂದು ರಿಸರ್ವ್ ಬ್ಯಾಂಕ್ ನಿಗದಿ ಮಾಡಿದೆ. ವ್ಯವಹಾರದ ಕರೆಗಳಿಗೆಂದು ಬ್ಯಾಂಕುಗಳಿಗೆ 1600ರಿಂದ ಶುರುವಾಗುವ ನಂಬರುಗಳನ್ನು ಕೊಡಲಾಗಿದೆ. ಮಾಮೂಲಿ ಹತ್ತಂಕಿಯ ಮೊಬೈಲಿನಿಂದ ‘ಹೆಡ್ ಆಫೀಸಿನಿಂದ’ ಎಂದರೆ ಇಟ್ಟುಬಿಡಿ. ಮರ್ಯಾದೆ ಹೋಗುವುದಿಲ್ಲ.

ಖಾತೆ ಬಾಡಿಗೆಗೆ ಕೊಡುವ ಮಕ್ಕಳು

ಕದ್ದ ದುಡ್ಡು ಹರಿಯಲು ಖಾತೆಗಳು ಬೇಕು. ಅವು ಎಲ್ಲಿಂದ ಬರುತ್ತವೆ? ನಮ್ಮದೇ ಊರುಗಳಿಂದ. ಕಾಲೇಜು ಹುಡುಗನಿಗೆ ಯಾರೋ ಕೆಲವು ಸಾವಿರ ಕೊಟ್ಟು ‘ನಿನ್ನ ಹೆಸರಿನಲ್ಲಿ ಖಾತೆ ತೆಗೆದು ಎಟಿಎಂ ಕಾರ್ಡು, ಸಿಮ್ಮು ಕೊಡು, ಗೇಮಿಂಗ್ ಕಂಪನಿಗೆ ಬೇಕು’ ಎನ್ನುತ್ತಾರೆ. ಎರಡು ತಿಂಗಳ ನಂತರ ಬೇರೆ ರಾಜ್ಯದ ಪೊಲೀಸರು ಮನೆ ಬಾಗಿಲಿಗೆ ಬಂದಾಗ ಅಪ್ಪ ಅಮ್ಮನಿಗೆ ಗೊತ್ತಾಗುತ್ತದೆ. ದಿನಕ್ಕೆ ಐನೂರು ರೂಪಾಯಿ ಆಡದ ಖಾತೆಯಲ್ಲಿ ಒಂದೇ ಮಧ್ಯಾಹ್ನ ಲಕ್ಷಗಟ್ಟಲೆ ಬಂದು ಲಕ್ಷಗಟ್ಟಲೆ ಹೋಗಿರುತ್ತದೆ. ಇಂಥ ಖಾತೆಗಳನ್ನು ಹಿಡಿಯಲು ಬೆಂಗಳೂರಿನ ರಿಸರ್ವ್ ಬ್ಯಾಂಕ್ ಇನ್ನೋವೇಶನ್ ಹಬ್ ‘ಮ್ಯೂಲ್‌ಹಂಟರ್’ ಎಂಬ ತಂತ್ರಾಂಶ ಮಾಡಿದೆ. ಆದರೆ ಟಾರ್ಗೆಟ್ ತುಂಬಿಸಲು ಕೆವೈಸಿಯನ್ನು ಕಣ್ಣುಮುಚ್ಚಿ ಮಾಡುವ ಶಾಖೆಗಳು ಇರುವತನಕ ತಂತ್ರಾಂಶ ಎಷ್ಟೆಂದು ಓಡೀತು?

ಆ ಕಡೆ ಫೋನ್ ಹಿಡಿದವನೂ ಕೆಲವೊಮ್ಮೆ ನಮ್ಮ ಹುಡುಗನೇ. ಕಾಂಬೋಡಿಯಾ, ಮ್ಯಾನ್ಮಾರ್, ಲಾವೋಸ್‌ಗಳಲ್ಲಿ ‘ಡೇಟಾ ಎಂಟ್ರಿ ಕೆಲಸ’ ಎಂದು ಕರೆದೊಯ್ದು, ಪಾಸ್‌ಪೋರ್ಟ್ ಕಿತ್ತುಕೊಂಡು, ಇದೇ ವಂಚನೆಯನ್ನು ಹೊಡೆದು ಬಡಿದು ಮಾಡಿಸುವ ಕೋಟೆಗಳಿವೆ. 2025ರ ಮಾರ್ಚ್‌ನಲ್ಲಿ ಮ್ಯಾನ್ಮಾರ್ ಗಡಿಯ ಇಂಥ ಅಡ್ಡೆಗಳಿಂದ ಬಿಡುಗಡೆಯಾದ ಐನೂರಕ್ಕೂ ಹೆಚ್ಚು ಭಾರತೀಯರನ್ನು ವಾಯುಪಡೆಯ ವಿಮಾನದಲ್ಲಿ ಕರೆತರಲಾಯಿತು. ಏಜೆಂಟ್ ಟಿಕೆಟ್ಟಿನ ಜೊತೆ ಪ್ರವಾಸಿ ವೀಸಾ ಕೈಗಿತ್ತು ‘ಅಲ್ಲಿ ಹೋದ ಮೇಲೆ ವರ್ಕ್ ಪರ್ಮಿಟ್ ಆಗುತ್ತದೆ’ ಎಂದರೆ ಮಗನನ್ನು ಕಳಿಸಬೇಡಿ.

ಹೋದ ಮೇಲೆ ಏನು ಮಾಡಬೇಕು

ಮೊದಲು 1930. ಆಮೇಲೆ ಬ್ಯಾಂಕು, ಆಮೇಲೆ ನೆಂಟರು. ಕರೆ ಮಾಡುವಾಗ ಖಾತೆ ಸಂಖ್ಯೆ, ಹೋದ ಮೊತ್ತ, ದಿನಾಂಕ, ಹೊತ್ತು, ವಹಿವಾಟಿನ ಯುಟಿಆರ್ ಸಂಖ್ಯೆ ಕೈಯಲ್ಲಿರಲಿ. ಎಸ್‌ಎಂಎಸ್, ಚಾಟ್, ಕರೆ ಬಂದ ನಂಬರು ಯಾವುದನ್ನೂ ಸಿಟ್ಟಿನಲ್ಲಿ ಅಳಿಸಬೇಡಿ, ಎಲ್ಲವೂ ಸಾಕ್ಷ್ಯ. ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ದೂರು ದಾಖಲಿಸಿ, ಸ್ವೀಕೃತಿ ಸಂಖ್ಯೆ ಬರೆದಿಟ್ಟುಕೊಳ್ಳಿ, ಸೈಬರ್ ಅಪರಾಧಗಳನ್ನು ನೋಡುವ ಜಿಲ್ಲೆಯ ಸಿಇಎನ್ ಠಾಣೆಗೆ ಹೋಗಿ.

ಬ್ಯಾಂಕಿಗೆ ಲಿಖಿತ ದೂರು ಕೊಡುವುದನ್ನು ತಪ್ಪಿಸಬೇಡಿ. 2017ರ ಜುಲೈ 6ರಂದು ರಿಸರ್ವ್ ಬ್ಯಾಂಕ್ ಹೊರಡಿಸಿದ ಸುತ್ತೋಲೆಯನ್ನು ನಾವು ಗ್ರಾಹಕರಿಗೆ ಹೇಳುವುದು ಕಡಿಮೆ. ತಪ್ಪು ಗ್ರಾಹಕರದೂ ಅಲ್ಲ ಬ್ಯಾಂಕಿನದೂ ಅಲ್ಲ, ವ್ಯವಸ್ಥೆಯಲ್ಲಿ ಮತ್ತೆಲ್ಲೋ ಆಗಿದೆ ಎಂದಾದರೆ, ಮೂರು ಕೆಲಸದ ದಿನಗಳೊಳಗೆ ತಿಳಿಸಿದವರಿಗೆ ಯಾವ ನಷ್ಟವನ್ನೂ ಹೊರಿಸುವಂತಿಲ್ಲ ಎನ್ನುತ್ತದೆ ಅದು. ತಪ್ಪು ಗ್ರಾಹಕರದೇ ಎಂದು ರುಜುವಾತು ಮಾಡುವ ಹೊಣೆ ಬ್ಯಾಂಕಿನ ಮೇಲಿದೆ. ಇಲ್ಲೂ ಮುಖ್ಯವಾದದ್ದು ದಿನಗಳ ಲೆಕ್ಕ. ನಾಚಿಕೊಂಡು ಕೂತ ವಾರದಲ್ಲಿ ಈ ಹಕ್ಕೂ ಸವೆದುಹೋಗುತ್ತದೆ.

ಆದರೆ ನಮ್ಮ ಮೇಷ್ಟ್ರಂತೆ ಹೆದರಿ ತಾವೇ ಪಿನ್ ಒತ್ತಿ ಕಳಿಸಿದವರಿಗೆ ಆ ಸುತ್ತೋಲೆಯಲ್ಲಿ ಹೇಳಿಕೊಳ್ಳುವಂಥ ಆಸರೆ ಇಲ್ಲ. ನನ್ನ ತಕರಾರು ಇರುವುದು ಇಲ್ಲಿಯೇ. ಬ್ರಿಟನ್ನಿನಲ್ಲಿ 2024ರ ಅಕ್ಟೋಬರ್ 7ರಿಂದ, ವಂಚನೆಗೆ ಸಿಕ್ಕಿ ತಾವಾಗಿ ಹಣ ವರ್ಗಾಯಿಸಿದವರಿಗೂ 85,000 ಪೌಂಡ್‌ವರೆಗೆ ಪರಿಹಾರ ಸಿಗಬೇಕೆಂಬ ನಿಯಮ ಬಂದಿದೆ. ಅದನ್ನು ಕಳಿಸಿದ ಬ್ಯಾಂಕು, ಪಡೆದ ಬ್ಯಾಂಕು ಅರ್ಧರ್ಧ ಹೊರಬೇಕು. ತನ್ನ ಜೇಬಿನಿಂದ ಹೋಗುತ್ತದೆಂದರೆ ಕಳ್ಳನ ಖಾತೆ ತೆರೆದ ಬ್ಯಾಂಕಿಗೂ ಕೆವೈಸಿಯ ಬಗ್ಗೆ ಎಚ್ಚರ ಬರುತ್ತದೆ. ಸಿಂಗಪುರದಲ್ಲಿ 2025ರ ಕಾನೂನು ಇನ್ನೊಂದು ಹೆಜ್ಜೆ ಮುಂದೆ ಹೋಗಿದೆ: ಎಷ್ಟು ಹೇಳಿದರೂ ಕೇಳದೆ ವಂಚಕರಿಗೇ ಹಣ ಕಳಿಸಲು ಹೊರಟವರ ಖಾತೆಯನ್ನು ಪೊಲೀಸರು ಕೆಲಕಾಲ ತಡೆಯಬಹುದು.

ನಮ್ಮಲ್ಲಿ 2025ರ ಡಿಸೆಂಬರ್ 1ರಂದು ಸುಪ್ರೀಂ ಕೋರ್ಟ್ ಡಿಜಿಟಲ್ ಅರೆಸ್ಟ್ ಪ್ರಕರಣಗಳ ತನಿಖೆಯನ್ನು ಸಿಬಿಐಗೆ ಒಪ್ಪಿಸಿ, ಕಳ್ಳಖಾತೆ ತೆರೆಯಲು ನೆರವಾದ ಬ್ಯಾಂಕ್ ಅಧಿಕಾರಿಗಳ ಪಾತ್ರವನ್ನೂ ಶೋಧಿಸುವ ಸ್ವಾತಂತ್ರ್ಯ ಕೊಟ್ಟಿತು. ನನ್ನ ಕುಲದವರಿಗೆ ಇದು ಕಹಿಯಾಗಬಹುದು. ನಾನಂತೂ ಸ್ವಾಗತಿಸುತ್ತೇನೆ.

ಇದರ ಜೊತೆಗೆ ಒಂದು ಸಣ್ಣ ಬದಲಾವಣೆ ಬೇಕು. ಅರವತ್ತು ದಾಟಿದವರ ಖಾತೆಯಿಂದ, ಹಿಂದೆಂದೂ ಹಣ ಹೋಗದ ಹೊಸ ಖಾತೆಗೆ, ದೊಡ್ಡ ಮೊತ್ತ ಹೊರಟರೆ ಅದು ಒಂದು ದಿನ ತಡೆದು ಹೋಗಲಿ. ಗ್ರಾಹಕರು ತಾವೇ ಹೆಸರಿಸಿದ ಮಗಳಿಗೋ ತಮ್ಮನಿಗೋ ಒಂದು ಮೆಸೇಜು ಹೋಗಲಿ. ‘ನನ್ನ ದುಡ್ಡು, ನಿಮಗ್ಯಾಕೆ ತಡೆ?’ ಎಂದು ರೇಗುವವರು ಇರುತ್ತಾರೆ. ಆಸ್ಪತ್ರೆಗೆ ಕಟ್ಟಬೇಕಾದವರಿಗೆ ತೊಂದರೆಯಾಗದಂತೆ ವಿನಾಯಿತಿ ಇಡಬಹುದು. ಇಪ್ಪತ್ತು ವರ್ಷ ಕೂಡಿಟ್ಟದ್ದನ್ನು ಇಪ್ಪತ್ತು ಸೆಕೆಂಡಿನಲ್ಲಿ ಕಳಿಸುವ ಸೌಕರ್ಯ ಎಲ್ಲರಿಗೂ ಬೇಕಾಗಿಲ್ಲ.

ಠಾಣೆಗಳದ್ದೂ ಒಂದು ಮಾತು. 2001ರಲ್ಲೇ ದೇಶದ ಮೊದಲ ಸೈಬರ್ ಅಪರಾಧ ಠಾಣೆ ತೆರೆದ ರಾಜ್ಯ ನಮ್ಮದು. ಅಂಥ ರಾಜ್ಯದಲ್ಲಿ ದೂರು ಕೊಡಲು ಬಂದ ಎಪ್ಪತ್ತರ ಮುದುಕರನ್ನು ‘ಇದು ನಮ್ಮ ಲಿಮಿಟ್ಟಿಗೆ ಬರಲ್ಲ’ ಎಂದು ಅಲೆಸಬಾರದು. ಕುರ್ಚಿ ಕೊಟ್ಟು, ಮೊದಲು 1930ಕ್ಕೆ ಫೋನ್ ಹಚ್ಚಿಕೊಟ್ಟು, ಆಮೇಲೆ ಲಿಮಿಟ್ಟಿನ ವಿಚಾರ ಮಾತಾಡಲಿ.

ಮನೆಯ ಕೆಲಸ ಇನ್ನೂ ಸುಲಭ, ಅದಕ್ಕೆ ಸುತ್ತೋಲೆ ಬೇಕಾಗಿಲ್ಲ. ಬೆಂಗಳೂರಿನಲ್ಲೋ ಅಮೆರಿಕದಲ್ಲೋ ಇರುವ ಮಕ್ಕಳು ಊರಿನ ಅಪ್ಪ ಅಮ್ಮನಿಗೆ ಹೊಸ ಫೋನು ಕೊಡಿಸಿ, ಯುಪಿಐ ಹಾಕಿಕೊಟ್ಟು ಹೋಗುತ್ತಾರೆ. ಜೊತೆಗೆ ಒಂದು ಮಾತನ್ನೂ ಕೊಟ್ಟು ಹೋಗಲಿ: ‘ಫೋನಲ್ಲಿ ಯಾರು ಹೆದರಿಸಿದರೂ ಇಟ್ಟು ನನಗೆ ಮಾಡು. ದುಡ್ಡು ಹೋದರೆ ಹೋಗಲಿ, ಮೊದಲು ನನಗೇ ಹೇಳು. ನಾನು ಬೈಯುವುದಿಲ್ಲ.’ ಈ ಮಾತನ್ನು ಒಂದು ಸಲ ಹೇಳಿದರೆ ಸಾಲದು, ಆಗಾಗ ಹೇಳುತ್ತಿರಬೇಕು. ಏನಾದರೂ ಆದಾಗ ಅದರಂತೆ ನಡೆದುಕೊಳ್ಳಲೂಬೇಕು. ಅಂದು ಮೇಷ್ಟ್ರ ಮಗ ಈ ಮಾತು ಮೊದಲೇ ಹೇಳಿದ್ದರೆ, ಮುಂಬೈ ಪೊಲೀಸ್ ಎಂದವನ ಫೋನು ಐದು ನಿಮಿಷವೂ ನಡೆಯುತ್ತಿರಲಿಲ್ಲ.